ಲ್ಯಾಪ್‌ಟಾಪ್‌ನ 8 ಕೋರ್, ಹಳೆ ಸರ್ವರ್‌ನ 14 ಕೋರ್: ಯಾವುದು ಜೋರು ಅಂತ ನಾವೇ ಅಳೆಯುವುದು ಹೇಗೆ?

ನನ್ನ ತಂಗಿಯ ಮಗ ಒಂದು ಶನಿವಾರ ಬೆಂಗಳೂರಿನ ಎಸ್‌.ಪಿ. ರೋಡ್‌ನಿಂದ ಫೋನ್ ಮಾಡಿದ. "ಮಾವ, ಇಲ್ಲೊಂದು ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ ಇದೆ. ಝಿಯಾನ್ ಪ್ರೊಸೆಸರ್, 14 ಕೋರ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರೋದು ಎಂಟೇ. ತಗೊಂಡುಬಿಡ್ಲಾ?"

"ಇರು ಕಣೋ, ದುಡ್ಡು ಕೊಡಬೇಡ, ನಾನೂ ಬರ್ತೀನಿ" ಅಂದೆ. ಆ ದಿನ ಮತ್ತು ಮುಂದಿನ ವಾರ ನಾವಿಬ್ಬರೂ ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಕೋರ್ ಅಂದರೆ ಪ್ರೊಸೆಸರ್ ಒಳಗೆ ತಾನೇ ತಾನಾಗಿ ಲೆಕ್ಕ ಮಾಡಬಲ್ಲ ಒಂದು ಭಾಗ. ಕಂಪನಿಗಳು ಕೆಲವು ವರ್ಷ ಬಳಸಿದ ಸರ್ವರ್‌ಗಳನ್ನು ಒಟ್ಟಿಗೆ ಮಾರಿಬಿಡುತ್ತವೆ. ಅವುಗಳ ಪ್ರೊಸೆಸರ್‌ಗಳು ಹಳೆ ಸಾಮಾನಿನ ಅಂಗಡಿಗೆ ಬಂದಾಗ ಹೊಸತರಲ್ಲಿದ್ದ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುತ್ತವೆ. ಆಸೆ ಆಗುವುದು ಸಹಜ ಅಲ್ವಾ?

ನಮ್ಮ ಎದುರಿಗೆ ಇದ್ದದ್ದು ಎರಡು ಪ್ರೊಸೆಸರ್. ಅಂಗಡಿಯಲ್ಲಿದ್ದದ್ದು ಇಂಟೆಲ್ ಝಿಯಾನ್ ಇ5-2680 ವಿ4, ಸರ್ವರ್‌ಗಳಲ್ಲಿ ಬಳಸುವ ಚಿಪ್. ಅದಿದ್ದ ವರ್ಕ್‌ಸ್ಟೇಷನ್ನನ್ನೇ ಮುಂದೆ ಸರ್ವರ್ ಅಂತಲೂ ಕರೆದಿದ್ದೇನೆ. ಅವನ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಎಎಂಡಿ ರೈಝೆನ್ 7 5800ಎಚ್. ನಿಮ್ಮ ಜೋಡಿ ಬೇರೆ ಇರಬಹುದು, ಅಳೆಯುವ ದಾರಿ ಇದೇ.

ಹಂತ 1: ಮೊದಲು ಕೆಲಸ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ, ನೀವು ಕಂಪ್ಯೂಟರ್ ಮುಂದೆ ಸುಮ್ನೆ ಕಾಯುತ್ತಾ ಕೂರುವ ಕೆಲಸಗಳನ್ನು ಮಾತ್ರ ಬರೆಯಿರಿ. ಬೇಗ ಮುಗಿಯುವುದನ್ನು ಬರೆಯಬೇಡಿ.

ನನ್ನ ಅಳಿಯನ ಪಟ್ಟಿಯಲ್ಲಿ ಎರಡೇ ಇದ್ದವು. ಅವನು ಅಜ್ಜನ ಕಪಾಟಿನಲ್ಲಿದ್ದ ಹಳೆ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತಿದ್ದಾನೆ. ಆ ಚಿತ್ರಗಳನ್ನು ಟೆಸ್ಸರಾಕ್ಟ್ ಎಂಬ ಉಚಿತ ಓಸಿಆರ್ ತಂತ್ರಾಂಶಕ್ಕೆ ಕೊಟ್ಟು ಅಕ್ಷರ ಮಾಡಿಸುತ್ತಾನೆ. ಇದು ಮೊದಲನೆಯದು. ಆಮೇಲೆ ಆ ಪಠ್ಯವನ್ನು ಒಂದೊಂದೇ ಪುಟ ತೆರೆದು ತಿದ್ದುತ್ತಾನೆ. ಇದು ಎರಡನೆಯದು. ಈ ಎರಡು ಕೆಲಸಗಳು ಪ್ರೊಸೆಸರ್‌ನಿಂದ ಕೇಳುವುದು ಪೂರಾ ಬೇರೆ ಬೇರೆ. ಅದಕ್ಕೇ ಈ ಹಾಳೆಯನ್ನು ಕೊನೆವರೆಗೂ ಜೊತೆಯಲ್ಲೇ ಇಟ್ಟುಕೊಳ್ಳಿ.

ಹಂತ 2: ಪೂರ್ತಿ ಹೆಸರು ತಿಳಿದುಕೊಳ್ಳಿ

"ಝಿಯಾನ್ ಇದೆ", "ರೈಝೆನ್ 7 ಇದೆ" ಅಂದರೆ ಏನೂ ಹೇಳಿದಂತಾಗಲಿಲ್ಲ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋದರೆ ಪೂರ್ತಿ ಹೆಸರು ಬಲಗಡೆ ಮೇಲೆ ಕಾಣುತ್ತದೆ. ಲಿನಕ್ಸ್ ಆದರೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು ಅಂತ ಟೈಪ್ ಮಾಡಿ. ಎಲ್ಲಾ ಸಣ್ಣ ಇಂಗ್ಲಿಷ್ ಅಕ್ಷರ, ನಡುವೆ ಜಾಗ ಬೇಡ.

ಇ5-2680 ವಿ4 ಅನ್ನುವ ಹೆಸರಿನಲ್ಲಿ ಮೊದಲ 2 ಅಂದರೆ ಒಂದೇ ಬೋರ್ಡ್ ಮೇಲೆ ಇಂಥ ಎರಡು ಪ್ರೊಸೆಸರ್ ಕೂರಿಸಬಹುದು. ಕೊನೆಯ ವಿ4 ಅಂದರೆ ನಾಲ್ಕನೇ ಪೀಳಿಗೆ. ಈ ಕೊನೆಯ ಎರಡು ಅಕ್ಷರವನ್ನು ಯಾವತ್ತೂ ಬಿಡಬೇಡಿ. ವಿ ಏನೂ ಇಲ್ಲದ ಮೊದಲ ಇ5 ಬಂದದ್ದು 2012ರಲ್ಲಿ, ವಿ2 2013ರಲ್ಲಿ, ವಿ3 2014ರಲ್ಲಿ, ವಿ4 2016ರಲ್ಲಿ. ಅಂಗಡಿಯವರು "ಇ5-2680" ಅಂತಷ್ಟೇ ಹೇಳಿದರೆ ಅದು ಈ ನಾಲ್ಕರಲ್ಲಿ ಯಾವುದೂ ಆಗಬಹುದು. ವಿ ಇಲ್ಲದ 2680ಯಲ್ಲಿ ಇರುವುದು 8 ಕೋರ್ ಮಾತ್ರ.

ಲ್ಯಾಪ್‌ಟಾಪ್ ಹೆಸರುಗಳೂ ಮೋಸ ಮಾಡುತ್ತವೆ. 5800ಎಚ್‌ನಲ್ಲಿ ಎಚ್ ಅಂದರೆ ಜಾಸ್ತಿ ಕರೆಂಟ್ ಕುಡಿಯುವ ದಪ್ಪ ಲ್ಯಾಪ್‌ಟಾಪ್‌ಗೆ ಮಾಡಿದ ಚಿಪ್. ಯು ಇದ್ದರೆ ತೆಳು ಲ್ಯಾಪ್‌ಟಾಪ್‌ಗೆ. ರೈಝೆನ್ 7 5700ಯು ಹೆಸರಲ್ಲಿ ಅದರ ತಮ್ಮನಂತೆ ಕಂಡರೂ ಒಳಗಿರುವುದು ಹಿಂದಿನ ಪೀಳಿಗೆಯ ಝೆನ್ 2 ವಿನ್ಯಾಸ. 5800ಎಚ್ ಒಳಗಿರುವುದು ಝೆನ್ 3.

ಹಂತ 3: ಎರಡರ ಜಾತಕ ಪಕ್ಕಪಕ್ಕ ಇಡಿ

ಕಂಪನಿಯದ್ದೇ ಜಾಲತಾಣದಲ್ಲಿ ಪ್ರತಿ ಪ್ರೊಸೆಸರ್‌ಗೂ ಒಂದು ಪುಟ ಇರುತ್ತದೆ. ಅಲ್ಲಿಂದಲೇ ಬರೆದುಕೊಳ್ಳಿ. ಮಾರುವವರ ಚೀಟಿಯಿಂದ ಬೇಡ. ಅಲ್ಲಿ ಥ್ರೆಡ್ ಅಂದರೆ ಕೋರ್ ಏಕಕಾಲಕ್ಕೆ ನಿಭಾಯಿಸುವ ಕೆಲಸದ ಎಳೆ, ಎಲ್3 ಕ್ಯಾಶ್ ಅಂದರೆ ಚಿಪ್ ಒಳಗೇ ಇರುವ ಸಣ್ಣ, ಚುರುಕು ಮೆಮೊರಿ, ಟಿಡಿಪಿ ಅಂದರೆ ಚಿಪ್ ಎಷ್ಟು ವ್ಯಾಟ್ ಬಿಸಿ ಹೊರಹಾಕುತ್ತದೆ ಅನ್ನುವ ಕಂಪನಿಯ ಅಂದಾಜು, ಚಾನೆಲ್ ಅಂದರೆ ಮೆಮೊರಿಗೂ ಪ್ರೊಸೆಸರ್‌ಗೂ ನಡುವಿನ ದಾರಿ. ನಮ್ಮ ಹಾಳೆಯಲ್ಲಿ ಹೀಗಿತ್ತು:

ಝಿಯಾನ್ ಇ5-2680 ವಿ4: 2016, 14 ಕೋರ್, 28 ಥ್ರೆಡ್, ಮೂಲ ವೇಗ 2.4 ಗಿಗಾಹರ್ಟ್ಸ್, ಗರಿಷ್ಠ 3.3, ಎಲ್3 ಕ್ಯಾಶ್ 35 ಎಂಬಿ, ಟಿಡಿಪಿ 120 ವ್ಯಾಟ್, ನಾಲ್ಕು ಚಾನೆಲ್ ಡಿಡಿಆರ್4-2400 ಮೆಮೊರಿ.

ರೈಝೆನ್ 7 5800ಎಚ್: 2021, 8 ಕೋರ್, 16 ಥ್ರೆಡ್, ಮೂಲ ವೇಗ 3.2 ಗಿಗಾಹರ್ಟ್ಸ್, ಗರಿಷ್ಠ 4.4, ಎಲ್3 ಕ್ಯಾಶ್ 16 ಎಂಬಿ, ಟಿಡಿಪಿ 45 ವ್ಯಾಟ್, ಎರಡು ಚಾನೆಲ್ ಡಿಡಿಆರ್4-3200 ಮೆಮೊರಿ.

ಗರಿಷ್ಠ ವೇಗ ಅನ್ನುವುದು ಒಂದೋ ಎರಡೋ ಕೋರ್ ಕೆಲಸ ಮಾಡುವಾಗ ಸಿಗುವ ವೇಗ. ಎಲ್ಲಾ ಕೋರ್‌ಗಳೂ ದುಡಿಯುವಾಗ ಅದು ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದನ್ನು ಕಾಗದದಲ್ಲಿ ನೋಡುವುದಕ್ಕಿಂತ ಯಂತ್ರದಲ್ಲೇ ನೋಡುವುದು ವಾಸಿ. ಅದು ಏಳನೇ ಹಂತದಲ್ಲಿ ಬರುತ್ತದೆ.

ಹಂತ 4: ಕೋರ್‌ಗೆ ಗಿಗಾಹರ್ಟ್ಸ್ ಗುಣಿಸಬೇಡಿ

ಎಲ್ಲರೂ ಎಡವುವುದು ಇಲ್ಲೇ. 14 ಗುಣಿಸು 2.4 ಅಂದರೆ 33.6. 8 ಗುಣಿಸು 3.2 ಅಂದರೆ 25.6. "ನೋಡಿ ಮಾವ, ಸರ್ವರ್ ಗೆದ್ದಿತು" ಅಂದ ಹುಡುಗ. ಈ ಲೆಕ್ಕದಲ್ಲಿ ಎರಡು ತಪ್ಪಿವೆ.

ಮೊದಲ ತಪ್ಪು: ಗಿಗಾಹರ್ಟ್ಸ್ ಅನ್ನುವುದು ಕೆಲಸದ ಅಳತೆಯಲ್ಲ. ಒಂದು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 100 ಕೋಟಿ ಸೈಕಲ್. ಒಂದು ಸೈಕಲ್‌ನಲ್ಲಿ ಎಷ್ಟು ಕೆಲಸ ಆಗುತ್ತದೆ ಅನ್ನುವುದು ಚಿಪ್‌ನ ವಿನ್ಯಾಸಕ್ಕೆ ಬಿಟ್ಟದ್ದು. ಇದನ್ನು ಐಪಿಸಿ ಅಂತಾರೆ. ಪೀಳಿಗೆಯಿಂದ ಪೀಳಿಗೆಗೆ ಇದು ಏರುತ್ತದೆ. 2020ರಲ್ಲಿ ಝೆನ್ 3 ಬಂದಾಗ, ಝೆನ್ 2ಕ್ಕಿಂತ ಐಪಿಸಿ ಸರಾಸರಿ 19% ಜಾಸ್ತಿ ಅಂತ ಎಎಂಡಿ ಹೇಳಿತ್ತು. ಒಂದೇ ಪೀಳಿಗೆಯ ಜಿಗಿತ ಅದು. 2016ರ ಚಿಪ್‌ಗೂ 2021ರ ಚಿಪ್‌ಗೂ ನಡುವೆ ಇಂಥ ಜಿಗಿತಗಳು ಸೇರಿಕೊಂಡಿವೆ.

ಎರಡನೇ ತಪ್ಪು ಇನ್ನೂ ಮುಖ್ಯವಾದದ್ದು. ಕೆಲಸವನ್ನೆಲ್ಲ ಸಮನಾಗಿ ಹಂಚಲು ಬರುವುದಿಲ್ಲ. ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಬಡಿಸುವವರು 8 ಜನರ ಬದಲು 14 ಜನ ಇದ್ದರೆ ಎಲೆಗಳಿಗೆ ಬೇಗ ಬಡಿಸಬಹುದು, ನಿಜ. ಆದರೆ ಅನ್ನ ಬೇಯುವ ತನಕ ಹದಿನಾಲ್ಕು ಜನರೂ ಕೈಕಟ್ಟಿ ನಿಲ್ಲಬೇಕು. ಕಂಪ್ಯೂಟರ್ ಕೆಲಸದಲ್ಲೂ ಅನ್ನ ಬೇಯುವಂಥ ಒಂದು ಪಾಲು ಇದ್ದೇ ಇರುತ್ತದೆ. ಜೀನ್ ಆಮ್ಡಾಲ್ 1967ರಲ್ಲೇ ಮುಂದಿಟ್ಟ ವಾದ ಇದು.

ಲೆಕ್ಕ ಮಾಡಿಯೇ ನೋಡೋಣ. ಹಂಚಲಾಗದ ಪಾಲು 10%, ಹಂಚಬಹುದಾದದ್ದು 90% ಅಂತ ಇಟ್ಟುಕೊಳ್ಳಿ. 14 ಕೋರ್ ಇದ್ದರೆ 0.9 ಅನ್ನು 14ರಿಂದ ಭಾಗಿಸಿ, 0.1 ಕೂಡಿಸಿ, ಬಂದದ್ದರಿಂದ 1 ಅನ್ನು ಭಾಗಿಸಿ. ಸುಮಾರು 6.1 ಬರುತ್ತದೆ. ಅಂದರೆ 14 ಕೋರ್‌ಗಳು ಸೇರಿ ಒಂದು ಕೋರ್‌ನ ಆರು ಪಟ್ಟು ಕೆಲಸ ಮಾತ್ರ ಮಾಡಿದವು. 8 ಕೋರ್‌ಗೆ ಇದೇ ಲೆಕ್ಕ ಹಾಕಿದರೆ 4.7. ಈಗ ಲ್ಯಾಪ್‌ಟಾಪ್‌ನ ಒಂದೊಂದು ಕೋರ್ ಸರ್ವರ್ ಕೋರ್‌ಗಿಂತ ಒಂದೂವರೆ ಪಟ್ಟು ಚುರುಕು ಅಂತ ಇಟ್ಟುಕೊಂಡರೆ, 4.7ರ ಒಂದೂವರೆ ಪಟ್ಟು ಅಂದರೆ ಸುಮಾರು 7.1. ಲ್ಯಾಪ್‌ಟಾಪ್ ಮುಂದಾಯಿತು!

ಅದೇ ಕೆಲಸವನ್ನು ಪೂರ್ತಿ ಹಂಚಲು ಬರುವುದಾದರೆ? ಸರ್ವರ್‌ಗೆ 14, ಲ್ಯಾಪ್‌ಟಾಪ್‌ಗೆ 8ರ ಒಂದೂವರೆ ಪಟ್ಟು, 12. ಈಗ ಸರ್ವರ್ ಮುಂದೆ. ಪ್ರೊಸೆಸರ್ ಅವೇ, ಕೆಲಸ ಬದಲಾದ ಕೂಡಲೇ ಗೆಲುವು ಅತ್ತಿಂದಿತ್ತ ಆಯಿತು. ಹಂತ 1ರ ಹಾಳೆ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ಲ?

ಹಂತ 5: ಮೆಮೊರಿ ಸ್ಟಿಕ್ ಎಣಿಸಿ

ನನ್ನ ಮಟ್ಟಿಗೆ ಹಳೆ ಸರ್ವರ್‌ನ ನಿಜವಾದ ಆಸ್ತಿ ಕೋರ್ ಅಲ್ಲ, ಮೆಮೊರಿ. ಲೆಕ್ಕ ಸುಲಭ. ಒಂದು ಚಾನೆಲ್ ಒಂದು ಸಲಕ್ಕೆ 8 ಬೈಟ್ ಸಾಗಿಸುತ್ತದೆ. ಡಿಡಿಆರ್4-2400 ಅಂದರೆ ಸೆಕೆಂಡಿಗೆ 240 ಕೋಟಿ ಸಲ. ಎರಡನ್ನೂ ಗುಣಿಸಿದರೆ ಒಂದು ಚಾನೆಲ್‌ಗೆ ಸೆಕೆಂಡಿಗೆ 19.2 ಜಿಬಿ. ನಾಲ್ಕು ಚಾನೆಲ್‌ಗೆ 76.8 ಜಿಬಿ. ಲ್ಯಾಪ್‌ಟಾಪ್‌ನ ಡಿಡಿಆರ್4-3200ರಲ್ಲಿ ಒಂದು ಚಾನೆಲ್‌ಗೆ 25.6, ಎರಡಕ್ಕೆ 51.2 ಜಿಬಿ.

ಆದರೆ ಚಾನೆಲ್ ಇದ್ದರೆ ಸಾಲದು, ಪ್ರತಿ ಚಾನೆಲ್‌ನಲ್ಲೂ ಒಂದೊಂದು ಸ್ಟಿಕ್ ಇರಬೇಕು. ಅಂಗಡಿಯಲ್ಲಿ ನಾವು ಮೊದಲು ಪರೀಕ್ಷೆ ಮಾಡಿದಾಗ ಆ ವರ್ಕ್‌ಸ್ಟೇಷನ್ ಯಾಕೋ ಮಂಕಾಗಿತ್ತು. ಪಕ್ಕದ ಮುಚ್ಚಳ ತೆಗೆಸಿ ನೋಡಿದೆ. ಎಂಟು ಸ್ಲಾಟ್‌ಗಳಲ್ಲಿ ಏಳು ಖಾಲಿ! ಒಂದೇ ಒಂದು ಸ್ಟಿಕ್ ಚುಚ್ಚಿಟ್ಟಿದ್ದರು. 76.8 ಬರಬೇಕಾದಲ್ಲಿ 19.2 ಬರುತ್ತಿತ್ತು. 14 ಕೋರ್‌ಗಳು ಒಂದೇ ಬಾಗಿಲಲ್ಲಿ ಸಾಲು ನಿಂತಿದ್ದವು. ನಾಲ್ಕು ಸ್ಟಿಕ್ ಹಾಕಿಸಿ, ಬೋರ್ಡ್ ಮೇಲೆ ಬರೆದಿರುವ ಕ್ರಮದಲ್ಲೇ ಕೂರಿಸಿ ಮತ್ತೆ ನೋಡಿದ ಮೇಲೆಯೇ ಅದರ ನಿಜವಾದ ಶಕ್ತಿ ಕಂಡದ್ದು. ಲ್ಯಾಪ್‌ಟಾಪ್‌ನಲ್ಲೂ ಇದೇ ಕಥೆ. ಎಷ್ಟೋ ಲ್ಯಾಪ್‌ಟಾಪ್‌ಗಳು ಒಂದೇ ಸ್ಟಿಕ್ ಜೊತೆ ಬರುತ್ತವೆ. ಅಂಥದ್ದನ್ನು ಹೋಲಿಕೆಗೆ ಇಟ್ಟರೆ ಲ್ಯಾಪ್‌ಟಾಪ್‌ಗೆ ಅನ್ಯಾಯ ಆಗುತ್ತದೆ.

ಎಷ್ಟು ಮೆಮೊರಿ ಹಾಕಬಹುದು ಅನ್ನುವುದೂ ಮುಖ್ಯ. ಈ ಝಿಯಾನ್ 1.5 ಟಿಬಿ ತನಕ ನಿಭಾಯಿಸಬಲ್ಲದು ಅಂತ ಇಂಟೆಲ್ ಬರೆದಿದೆ. ತಪ್ಪು ಬಿಟ್‌ಗಳನ್ನು ತಾನೇ ತಿದ್ದುವ ಇಸಿಸಿ ಮೆಮೊರಿಯೂ ನಡೆಯುತ್ತದೆ. ಎರಡು ಸ್ಲಾಟ್ ಇರುವ ಲ್ಯಾಪ್‌ಟಾಪ್‌ನಲ್ಲಿ 32 ಜಿಬಿಯ ಎರಡು ಸ್ಟಿಕ್ ಹಾಕಿದರೆ 64 ಜಿಬಿ. ಆರೇಳು ವರ್ಚುವಲ್ ಮಷೀನ್ (ಒಂದೇ ಯಂತ್ರದೊಳಗೆ ತಂತ್ರಾಂಶದಿಂದ ಮಾಡಿದ ಕಂಪ್ಯೂಟರ್) ಒಟ್ಟಿಗೆ ಓಡಿಸುವವರು, ದೊಡ್ಡ ಡೇಟಾಬೇಸ್ ಇಡುವವರು ಈ ಒಂದು ಕಾರಣಕ್ಕೇ ಸರ್ವರ್ ತಗೊಳ್ಳಬಹುದು. ಒಂದು ಎಚ್ಚರಿಕೆ: ಸರ್ವರ್‌ನ ರಿಜಿಸ್ಟರ್ಡ್ ಸ್ಟಿಕ್ ಮನೆಯ ಮಾಮೂಲಿ ಬೋರ್ಡ್‌ನಲ್ಲಿ ಕೆಲಸ ಮಾಡುವುದಿಲ್ಲ. ಮನೆಯ ಸ್ಟಿಕ್ ಜೊತೆ ಅದನ್ನು ಬೆರೆಸಲೂ ಬರುವುದಿಲ್ಲ.

ಹಂತ 6: ಏನೇನು ಇಲ್ಲ ಅಂತ ನೋಡಿ

ಹಳೆ ಚಿಪ್‌ನಲ್ಲಿ ಏನಿದೆ ಅಂತ ಎಲ್ಲರೂ ಹೇಳುತ್ತಾರೆ. ಏನಿಲ್ಲ ಅಂತ ನಾವೇ ಹುಡುಕಬೇಕು.

ಎವಿಎಕ್ಸ್2 ಇದೆಯಾ? ಒಂದೇ ಸಲಕ್ಕೆ ಹಲವು ಸಂಖ್ಯೆಗಳ ಮೇಲೆ ಲೆಕ್ಕ ಮಾಡುವ ಆಜ್ಞೆಗಳ ಗುಂಪು ಇದು. ವಿ3 ಮತ್ತು ವಿ4ರಲ್ಲಿ ಇದೆ, ವಿ2 ಮತ್ತು ಅದರ ಹಿಂದಿನದರಲ್ಲಿ ಇಲ್ಲ. ಟೆಸ್ಸರಾಕ್ಟ್ ಅಕ್ಷರ ಗುರುತಿಸಲು ಇದನ್ನೇ ಬಳಸಿಕೊಳ್ಳುತ್ತದೆ. ಕೆಲವು ತಂತ್ರಾಂಶಗಳು ಇದಿಲ್ಲದೆ ಶುರುವೇ ಆಗುವುದಿಲ್ಲ. ವಿ2 ಎಷ್ಟು ಅಗ್ಗವಾಗಿ ಸಿಕ್ಕರೂ ನಾನು ಬೇಡ ಅನ್ನುವುದು ಇದಕ್ಕೇ.

ಗ್ರಾಫಿಕ್ಸ್ ಇದೆಯಾ? ಈ ಝಿಯಾನ್ ಒಳಗೆ ಇಲ್ಲ. ಬೋರ್ಡ್ ಮೇಲಾಗಲಿ ಬೇರೆ ಕಾರ್ಡ್‌ನಲ್ಲಾಗಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. 5800ಎಚ್ ಒಳಗೆ ಗ್ರಾಫಿಕ್ಸ್ ಇದೆ, ವಿಡಿಯೊ ಎನ್‌ಕೋಡ್ ಮಾಡುವ ಪ್ರತ್ಯೇಕ ಭಾಗವೂ ಇದೆ. ಯೂಟ್ಯೂಬ್‌ಗೆ ವಿಡಿಯೊ ಮಾಡುವವರಿಗೆ ಇದು ದೊಡ್ಡ ಅನುಕೂಲ.

ವಿಂಡೋಸ್ 11? ವಿ4ಕ್ಕೆ ಮೈಕ್ರೋಸಾಫ್ಟ್‌ನ ಅಧಿಕೃತ ಪಟ್ಟಿಯಲ್ಲಿ ಜಾಗ ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಈ ಯಂತ್ರ ತಗೊಳ್ಳುವವರು ಲಿನಕ್ಸ್‌ಗೆ ಸಿದ್ಧರಿರಬೇಕು. ನಮಗೆ ಅದು ತೊಂದರೆ ಆಗಲಿಲ್ಲ.

ಇನ್ನೊಂದು ಮಾತು. 2016ರಲ್ಲಿ ಬರೆದ ವಿಮರ್ಶೆಗಳ ಅಂಕಿಗಳನ್ನು ಹಾಗೇ ನಂಬಬೇಡಿ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಭದ್ರತಾ ದೋಷಗಳು ಹೊರಬಂದವು. ಮೆಲ್ಟ್‌ಡೌನ್ ಈ ಪೀಳಿಗೆಯ ಇಂಟೆಲ್ ಚಿಪ್‌ಗಳಿಗೆ ತಟ್ಟಿತು, ಎಎಂಡಿಯದಕ್ಕೆ ತಟ್ಟಲಿಲ್ಲ. ಅದಕ್ಕೆ ಹಾಕಿದ ತೇಪೆಯಿಂದ ಡಿಸ್ಕ್ ಮತ್ತು ನೆಟ್‌ವರ್ಕ್ ಜಾಸ್ತಿ ಮುಟ್ಟುವ ಕೆಲಸಗಳು ನಿಧಾನವಾದವು. ಅಳೆಯುವುದಾದರೆ ಇವತ್ತಿನ ಅಪ್‌ಡೇಟ್ ಹಾಕಿದ ಯಂತ್ರವನ್ನೇ ಅಳೆಯಬೇಕು.

ಹಂತ 7: ಸಿದ್ಧ ಪರೀಕ್ಷೆ ಓಡಿಸಿ

ಮೊದಲು ಎರಡೂ ಯಂತ್ರಗಳನ್ನು ಒಂದೇ ಸ್ಥಿತಿಗೆ ತನ್ನಿ. ಲ್ಯಾಪ್‌ಟಾಪ್‌ನ ಚಾರ್ಜರ್ ಚುಚ್ಚಿರಲಿ, ಪವರ್ ಸೆಟ್ಟಿಂಗ್ ಗರಿಷ್ಠಕ್ಕೆ ಇರಲಿ, ಹಾಸಿಗೆ ಮೇಲೆ ಬೇಡ, ಮೇಜಿನ ಮೇಲಿರಲಿ. ಬ್ರೌಸರ್ ಮುಚ್ಚಿ. ಪರೀಕ್ಷೆಯ ತಂತ್ರಾಂಶ ಎರಡರಲ್ಲೂ ಒಂದೇ ಆವೃತ್ತಿಯದ್ದಾಗಿರಲಿ.

ಫೈಲ್ ಕುಗ್ಗಿಸುವ ಉಚಿತ ತಂತ್ರಾಂಶ ಸೆವೆನ್-ಝಿಪ್‌ನ ಟೂಲ್ಸ್ ಮೆನುವಿನಲ್ಲಿ ಬೆಂಚ್‌ಮಾರ್ಕ್ ಅಂತ ಇದೆ. ಅದರಲ್ಲಿ ಥ್ರೆಡ್‌ಗಳ ಸಂಖ್ಯೆ ಬದಲಿಸಬಹುದು. ಮೊದಲು 1 ಥ್ರೆಡ್, ಆಮೇಲೆ ಕೋರ್‌ಗಳಷ್ಟು, ಆಮೇಲೆ ಪೂರ್ತಿ ಥ್ರೆಡ್. ಮೂರೂ ಅಂಕಿ ಬರೆದುಕೊಳ್ಳಿ. 1 ಥ್ರೆಡ್‌ನ ಅಂಕಿ ಒಂದು ಕೋರ್ ಎಷ್ಟು ಚುರುಕು ಅಂತ ಹೇಳುತ್ತದೆ. ನಾಲ್ಕನೇ ಹಂತದ "ಒಂದೂವರೆ ಪಟ್ಟು" ಜಾಗದಲ್ಲಿ ನಿಮ್ಮ ಸ್ವಂತ ಅಂಕಿ ಹಾಕಬೇಕಾದ್ದು ಇಲ್ಲಿಂದಲೇ. ಕಂಪ್ರೆಸ್ ಮತ್ತು ಡಿಕಂಪ್ರೆಸ್ ಎರಡನ್ನೂ ಬೇರೆ ಬೇರೆ ನೋಡಿ. ಕಂಪ್ರೆಸ್‌ಗೆ ಮೆಮೊರಿ ಜಾಸ್ತಿ ಬೇಕು. ನಮಗೆ ಒಂಟಿ ಸ್ಟಿಕ್‌ನ ಗುಟ್ಟು ಸಿಕ್ಕಿದ್ದೂ ಆ ಸಾಲಿನಲ್ಲೇ.

ಆಮೇಲೆ ಸಿನೆಬೆಂಚ್ ಆರ್23 ಎಂಬ ಪರೀಕ್ಷಾ ತಂತ್ರಾಂಶ. ಇದು ಲಿನಕ್ಸ್‌ಗೆ ಇಲ್ಲ, ವಿಂಡೋಸ್‌ನಲ್ಲಿ ಓಡಿಸಿ. ಇದರ ಮಲ್ಟಿಕೋರ್ ಪರೀಕ್ಷೆ ಕನಿಷ್ಠ 10 ನಿಮಿಷ ಓಡುತ್ತದೆ. ಆ 10 ನಿಮಿಷವೂ ಮುಖ್ಯ. ಲ್ಯಾಪ್‌ಟಾಪ್ ಮೊದಲ ಒಂದೆರಡು ನಿಮಿಷ ಜೋರಾಗಿ ಓಡಿ, ಬಿಸಿಯಾದ ಮೇಲೆ ವೇಗ ಇಳಿಸಿಕೊಳ್ಳುತ್ತದೆ. ಪಕ್ಕದಲ್ಲಿ ಎಚ್‌ಡಬ್ಲ್ಯೂಇನ್ಫೋ ಎಂಬ, ಚಿಪ್‌ನ ಸ್ಥಿತಿ ತೋರಿಸುವ ತಂತ್ರಾಂಶ ತೆರೆದಿಟ್ಟು ಪ್ರತಿ ನಿಮಿಷಕ್ಕೊಮ್ಮೆ ಗಿಗಾಹರ್ಟ್ಸ್, ವ್ಯಾಟ್ ಮತ್ತು ತಾಪಮಾನ ಬರೆಯಿರಿ. 5800ಎಚ್ ಅನ್ನು ಲ್ಯಾಪ್‌ಟಾಪ್ ತಯಾರಕರು 35ರಿಂದ 54 ವ್ಯಾಟ್ ತನಕ ಹೇಗೆ ಬೇಕಾದರೂ ಹೊಂದಿಸಬಹುದು. ಒಂದೇ ಹೆಸರಿನ ಚಿಪ್ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಥರ ಓಡುವುದು ಇದಕ್ಕೇ.

ಪ್ರತಿ ಪರೀಕ್ಷೆಯನ್ನೂ ಮೂರು ಸಲ ಮಾಡಿ, ನಡುವಿನ ಅಂಕಿ ಇಟ್ಟುಕೊಳ್ಳಿ.

ಹಂತ 8: ನಿಮ್ಮ ಕೆಲಸವನ್ನೇ ಓಡಿಸಿ

ಬೇರೆ ಯಾವ ಹಂತ ಬಿಟ್ಟರೂ ಇದನ್ನು ಬಿಡಬೇಡಿ. ನಾವು ಒಂದೇ ಪುಸ್ತಕದ 100 ಪುಟಗಳ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದೆವು. ಎರಡೂ ಯಂತ್ರಗಳ ಎಸ್‌ಎಸ್‌ಡಿಗೆ ನಕಲು ಮಾಡಿದೆವು. ಪೆನ್‌ಡ್ರೈವ್‌ನಿಂದಲೇ ಓಡಿಸಿದರೆ ನೀವು ಅಳೆಯುವುದು ಪೆನ್‌ಡ್ರೈವನ್ನು, ಪ್ರೊಸೆಸರ್ ಅನ್ನಲ್ಲ.

ಟೆಸ್ಸರಾಕ್ಟ್‌ನಲ್ಲಿ ಒಂದು ಸೂಕ್ಷ್ಮ ಇದೆ. ಅದು ಒಂದು ಪುಟವನ್ನು ತಾನಾಗಿಯೇ ನಾಲ್ಕು ಥ್ರೆಡ್‌ಗಳಿಗೆ ಹಂಚಲು ನೋಡುತ್ತದೆ. ನೂರು ಪುಟ ಇರುವಾಗ ಈ ಹಂಚಿಕೆಯಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ. ಪುಟಗಳು ಒಂದಕ್ಕೊಂದು ಸಂಬಂಧವಿಲ್ಲದವು, ಕೋರ್‌ಗೆ ಒಂದು ಪುಟ ಕೊಟ್ಟರೆ ಸಾಕು. ಅದಕ್ಕೆ ಒಎಂಪಿ ಥ್ರೆಡ್ ಲಿಮಿಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ತಂತ್ರಾಂಶ ಶುರುವಾಗುವಾಗ ಓದಿಕೊಳ್ಳುವ ಸೆಟ್ಟಿಂಗ್) 1 ಅಂತ ಬೆಲೆ ಕೊಡಿ. ಮೂರು ಪದವೂ ಕ್ಯಾಪಿಟಲ್ ಅಕ್ಷರ, ನಡುವೆ ಅಂಡರ್‌ಸ್ಕೋರ್. ಆಮೇಲೆ ಪ್ಯಾರಲಲ್ ಎಂಬ ಲಿನಕ್ಸ್ ಆಜ್ಞೆಯಿಂದ ಏಕಕಾಲಕ್ಕೆ ಎಷ್ಟು ಪುಟ ಅಂತ ಹೇಳಿ. ಸರ್ವರ್‌ನಲ್ಲಿ ಮೊದಲು 14, ನಂತರ 28. ಲ್ಯಾಪ್‌ಟಾಪ್‌ನಲ್ಲಿ 8, ನಂತರ 16. ಆಜ್ಞೆಯ ಮುಂದೆ ಟೈಮ್ ಅಂತ ಸೇರಿಸಿದರೆ ಮುಗಿದ ಮೇಲೆ ಹಿಡಿದ ಹೊತ್ತು ತೋರಿಸುತ್ತದೆ. ಅದರಲ್ಲಿ ರಿಯಲ್ ಅನ್ನುವ ಸಾಲನ್ನು ನೋಡಿ. ಯೂಸರ್ ಅನ್ನುವುದು ಎಲ್ಲಾ ಕೋರ್‌ಗಳ ದುಡಿಮೆ ಕೂಡಿಸಿದ್ದು, ಅದು ಬೇಡ.

ನಮ್ಮ ಹಾಳೆಯ ಮೊದಲ ಕೆಲಸದಲ್ಲಿ, ನಾಲ್ಕು ಸ್ಟಿಕ್ ಹಾಕಿದ ಮೇಲೆ, ವರ್ಕ್‌ಸ್ಟೇಷನ್ ಸ್ವಲ್ಪ ಮುಂದೆ ಬಂತು. ಎರಡನೇ ಕೆಲಸದಲ್ಲಿ, ಒಂದು ದೊಡ್ಡ ಪಠ್ಯ ತೆರೆದು ಹುಡುಕುವಾಗ, ತಿದ್ದುವಾಗ, ಲ್ಯಾಪ್‌ಟಾಪ್ ಕಣ್ಣಿಗೆ ಕಾಣುವಷ್ಟು ಚುರುಕಾಗಿತ್ತು. ಅಲ್ಲಿ ದುಡಿಯುವುದು ಒಂದೇ ಕೋರ್ ಅಲ್ವಾ.

ಎರಡು ಪ್ರೊಸೆಸರ್ ಇರುವ ಬೋರ್ಡ್ ಆದರೆ ಇನ್ನೊಂದು ವಿಷಯ. ಅರ್ಧ ಮೆಮೊರಿ ಒಂದು ಪ್ರೊಸೆಸರ್ ಹತ್ತಿರ, ಇನ್ನರ್ಧ ಇನ್ನೊಂದರ ಹತ್ತಿರ ಇರುತ್ತದೆ. ಪಕ್ಕದ ಮನೆಯಿಂದ ತರುವ ಮೆಮೊರಿ ತಡವಾಗಿ ಬರುತ್ತದೆ. 28 ಕೋರ್ ಅಂದರೆ 14ರ ಎರಡು ಪಟ್ಟು ಅಂತ ಅಂದುಕೊಳ್ಳದೆ, ಅದನ್ನೂ ಓಡಿಸಿಯೇ ನೋಡಿ.

ಹಂತ 9: ಕರೆಂಟ್ ಬಿಲ್ ಕೂಡಿಸಿ

120 ಮತ್ತು 45 ವ್ಯಾಟ್ ಪ್ರೊಸೆಸರ್‌ನ ಅಂಕಿ ಮಾತ್ರ. ಇಡೀ ಯಂತ್ರ ಗೋಡೆಯಿಂದ ಎಷ್ಟು ಎಳೆಯುತ್ತದೆ ಅನ್ನುವುದಕ್ಕೆ ಪ್ಲಗ್‌ಗೆ ಹಾಕುವ ಸಣ್ಣ ವ್ಯಾಟ್ ಮೀಟರ್ ಬೇಕು. ಕೆಲಸ ಮಾಡುವಾಗ ಒಂದು ಸಲ, ಸುಮ್ನೆ ಕೂತಿರುವಾಗ ಒಂದು ಸಲ ನೋಡಿ. ಸುಮ್ನೆ ಕೂತಾಗಿನ ಅಂಕಿಯೇ ಬಿಲ್ ಏರಿಸುವುದು. ಸರ್ವರ್ 80 ವ್ಯಾಟ್, ಲ್ಯಾಪ್‌ಟಾಪ್ 10 ವ್ಯಾಟ್ ತೋರಿಸಿತು ಅಂತ ಇಟ್ಟುಕೊಳ್ಳಿ. 70 ವ್ಯಾಟ್ ವ್ಯತ್ಯಾಸ, ದಿನಕ್ಕೆ 24 ಗಂಟೆ, 30 ದಿನ: 50 ಯೂನಿಟ್ ದಾಟುತ್ತದೆ. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 300 ರೂಪಾಯಿ. ಗೃಹಜ್ಯೋತಿ ಇರುವ ಮನೆಯಲ್ಲಿ ಈ 50 ಯೂನಿಟ್‌ನಿಂದ ಲೆಕ್ಕ 200 ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕು. ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಹಂತ 10: ಕೊಳ್ಳುವುದಾದರೆ

ದುಡ್ಡು ಕೊಡುವ ಮುಂಚೆ 10 ನಿಮಿಷ ಪೂರ್ತಿ ಹೊರೆ ಹಾಕಿ ತಾಪಮಾನ ನೋಡಿ. ವರ್ಷಗಟ್ಟಲೆ ಓಡಿದ ಯಂತ್ರದಲ್ಲಿ ಚಿಪ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಅದನ್ನು ಒರೆಸಿ ಹೊಸದು ಹಚ್ಚಿಸಿ, ಇನ್ನೊಮ್ಮೆ ನೋಡಿ. ರ‍್ಯಾಕ್‌ನಲ್ಲಿ ಕೂರುವ ಚಪ್ಪಟೆ ಸರ್ವರ್ ಆದರೆ ಅದರ ಫ್ಯಾನ್ ಸದ್ದನ್ನು ಕಿವಿಯಾರೆ ಕೇಳಿ. ಮಲಗುವ ಕೋಣೆಯಲ್ಲಿ ಅದನ್ನು ಇಡಲಾಗುವುದಿಲ್ಲ. ಮನೆಗೆ ಟವರ್ ವರ್ಕ್‌ಸ್ಟೇಷನ್ನೇ ಸರಿ.

ನನ್ನ ಅಳಿಯ ಕೊನೆಗೆ ಅದನ್ನು ತಗೊಂಡ, ನಾಲ್ಕು ಸ್ಟಿಕ್ ಸೇರಿಸಿಯೇ. ಲ್ಯಾಪ್‌ಟಾಪ್‌ಗಿಂತ ಅದು ಸ್ವಲ್ಪ ಜೋರು ಅನ್ನುವುದು ಕಾರಣ ಅಲ್ಲ. ಲ್ಯಾಪ್‌ಟಾಪ್ ಓಸಿಆರ್‌ನಲ್ಲಿ ಮುಳುಗಿ ಬಿಸಿಯಾಗಿ ಕೂತಾಗ ಅವನಿಗೆ ತಿದ್ದಲು ಯಂತ್ರವೇ ಇರುತ್ತಿರಲಿಲ್ಲ. ಈಗ ಸ್ಕ್ಯಾನ್ ಮಾಡಿದ ಪುಟಗಳ ರಾಶಿ ಸೇರಿದ ರಾತ್ರಿ ಮಾತ್ರ ವರ್ಕ್‌ಸ್ಟೇಷನ್‌ನ ಸ್ವಿಚ್ ಹಾಕುತ್ತಾನೆ, ಕೆಲಸ ಮುಗಿದ ಮೇಲೆ ಅದು ತಾನೇ ಆಫ್ ಆಗುವಂತೆ ಹೊಂದಿಸಿದ್ದಾನೆ. ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ಲ್ಯಾಪ್‌ಟಾಪ್‌ನಲ್ಲಿ ಆ ಪುಟಗಳನ್ನು ತೆರೆದು, ತಪ್ಪಿದ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದುತ್ತಾನೆ.